ಬರೆದದ್ದು ನಾನು, ಬೀಗ ಅವರದ್ದು

ಒಂದು ಶುಕ್ರವಾರ ಬೆಳಗ್ಗೆ ಐದೂವರೆಗೆ ಎದ್ದು ಕಂಪ್ಯೂಟರ್ ಮುಂದೆ ಕೂತೆ. ಮಧ್ಯಾಹ್ನದೊಳಗೆ ನಲವತ್ತು ಪುಟದ ಅನುವಾದ ಕಳಿಸಬೇಕಿತ್ತು. ಮೂವತ್ತೆಂಟು ಪುಟ ಮುಗಿದಿತ್ತು. ಇನ್ನೇನು, ಎರಡೇ ಪುಟ ಅಂದುಕೊಂಡು ಪ್ರೋಗ್ರಾಂ ತೆರೆದರೆ ಮೇಲೊಂದು ಹಳದಿ ಪಟ್ಟಿ: ನಿಮ್ಮ ಚಂದಾ ಮುಗಿದಿದೆ, ಫೈಲನ್ನು ಓದಬಹುದು, ತಿದ್ದುವಂತಿಲ್ಲ.

ಚಂದಾ ತಾನಾಗಿಯೇ ಕಟ್ಟಿಹೋಗುತ್ತಿತ್ತಲ್ಲ ಎಂದು ತಮ್ಮನಿಗೆ ಫೋನ್ ಮಾಡಿದೆ. ನಿದ್ದೆಗಣ್ಣಲ್ಲೇ ಕೇಳಿದ: "ಅಕ್ಕಾ, ಹೋದ ತಿಂಗಳು ನಿನ್ನ ಕಾರ್ಡ್ ಬದಲಾಯ್ತಲ್ವಾ? ಅಲ್ಲಿ ಹೊಸ ನಂಬರ್ ಹಾಕಿದ್ಯಾ?"

ಹಾಕಿರಲಿಲ್ಲ. ತಪ್ಪು ನನ್ನದೇ. ಹತ್ತು ನಿಮಿಷದಲ್ಲಿ ದುಡ್ಡು ಕಟ್ಟಿದೆ, ಅವರ ಕಡೆ ಅದು ಜಮೆಯಾಗಿ ಬೀಗ ತೆರೆಯಲು ಇನ್ನೂ ಎರಡು ಗಂಟೆ ಹಿಡಿಯಿತು. ಕೆಲಸ ಹೇಗೋ ಹೊತ್ತಿಗೆ ಸರಿಯಾಗಿ ಹೋಯಿತು. ಆದರೆ ಆ ಎರಡು ಗಂಟೆ ಸುಮ್ನೆ ಕೂತು ಪರದೆ ನೋಡುವಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಪರದೆಯ ಮೇಲೆ ಇದ್ದದ್ದೆಲ್ಲ ನಾನು ಬರೆದ ವಾಕ್ಯ. ಮುಟ್ಟುವ ಹಾಗಿಲ್ಲ.

ಅನುವಾದ ಮಾಡುವವರಿಗೆ ಇದು ಬರೀ ಒಂದು ಫೈಲಿನ ಪ್ರಶ್ನೆ ಅಲ್ಲ. ನಾವು ಬಳಸುವ ಪ್ರೋಗ್ರಾಂಗಳು ಪ್ರತಿ ಮೂಲ ವಾಕ್ಯವನ್ನೂ ಅದರ ಅನುವಾದವನ್ನೂ ಜೋಡಿ ಮಾಡಿ ಇಟ್ಟುಕೊಳ್ಳುತ್ತವೆ. ಇದಕ್ಕೆ ಟ್ರಾನ್ಸ್‌ಲೇಶನ್ ಮೆಮೊರಿ ಅನ್ನುತ್ತಾರೆ. ಅದೇ ಥರದ ವಾಕ್ಯ ಮತ್ತೆ ಬಂದರೆ "ಇದನ್ನು ಹಿಂದೆ ಹೀಗೆ ಬರೆದಿದ್ದೆ" ಎಂದು ನೆನಪಿಸುತ್ತದೆ. ನನ್ನ ಮೆಮೊರಿಯಲ್ಲಿ ಹನ್ನೊಂದು ವರ್ಷದ ಜೋಡಿಗಳಿದ್ದವು. ಒಂದು ಪದಕ್ಕೆ ಮೂರು ದಿನ ತಲೆ ಕೆಡಿಸಿಕೊಂಡು ಕೊನೆಗೆ ಹೊಳೆದದ್ದು, ಆಮೇಲೆ ನಾನೇ ಮರೆತದ್ದು, ಎಲ್ಲವೂ ಅಲ್ಲಿತ್ತು.

ಆ ಶನಿವಾರ ನಾನು ಮಾಡಿದ ಮೊದಲ ಕೆಲಸ ಅದನ್ನೆಲ್ಲ ಹೊರಗೆ ತೆಗೆದದ್ದು. ಹೊಸ ಪ್ರೋಗ್ರಾಂ ಹುಡುಕಿದ್ದು ಆಮೇಲೆ. ಈ ಕ್ರಮ ಮುಖ್ಯ. ಬದಲಾಯಿಸಬೇಕು ಅಂದ ತಕ್ಷಣ ಎಲ್ಲರೂ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಲು ಓಡುತ್ತಾರೆ, ಎರಡು ವಾರ ಒದ್ದಾಡಿ ವಾಪಸ್ ಬರುತ್ತಾರೆ. ಹಿಂದೊಮ್ಮೆ ನಾನೂ ಹಾಗೇ ಮಾಡಿದ್ದೆ. ಪ್ರೋಗ್ರಾಂ ಇವತ್ತಲ್ಲ ನಾಳೆ ಬದಲಾಯಿಸಬಹುದು. ಫೈಲು ಯಾವ ರೂಪದಲ್ಲಿದೆ ಅನ್ನುವುದನ್ನು ಮೊದಲು ನೋಡಬೇಕು.

ಅದೃಷ್ಟಕ್ಕೆ ನಮ್ಮ ಕಸುಬಿನಲ್ಲಿ ಟಿಎಂಎಕ್ಸ್ ಅಂತ ಒಂದು ಎಲ್ಲರಿಗೂ ತೆರೆದ ರೂಪ ಇದೆ. ಹಳೆಯ ಪ್ರೋಗ್ರಾಂನ ಮೆನುವಿನಲ್ಲಿ ನಾಲ್ಕು ಹಂತ ಒಳಗೆ ಹೋದರೆ ಎಕ್ಸ್‌ಪೋರ್ಟ್ ಬಟನ್ ಸಿಕ್ಕಿತು. ಬಂದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಬರೀ ಅಕ್ಷರ! ಕೋನದ ಆವರಣಗಳ ನಡುವೆ ಒಂದು ಇಂಗ್ಲಿಷ್ ವಾಕ್ಯ, ಅದರ ಕೆಳಗೆ ನನ್ನ ಕನ್ನಡ ವಾಕ್ಯ, ಪಕ್ಕದಲ್ಲಿ ಬರೆದ ತಾರೀಕು. ಕೆಳಕ್ಕೆ ಹೋದ ಹಾಗೆ ಹನ್ನೊಂದು ವರ್ಷ ಹಾಗೇ ಸುರುಳಿ ಬಿಚ್ಚಿತು. ಶುರುವಿನ ದಿನಗಳ ಒಂದೆರಡು ವಾಕ್ಯ ನೋಡಿ ನಾಚಿಕೆಯೂ ಆಯಿತು. "ಮಾಡಲ್ಪಡುತ್ತದೆ" ಎಂದು ಎಷ್ಟು ಸಲ ಬರೆದಿದ್ದೇನಪ್ಪ!

ಈಗ ನಾನು ಬಳಸುವುದು ಒಮೆಗಾ‌ಟಿ. 2000ರ ಸುಮಾರಿಗೆ ಕೀತ್ ಗಾಡ್‌ಫ್ರಿ ಶುರು ಮಾಡಿದ್ದು, ಜಾವಾದಲ್ಲಿ ಓಡುತ್ತದೆ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಲು ಬಿಡುವ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ನೋಡಲು ಚೆಂದ ಇಲ್ಲ. ಬೂದು ಕಿಟಕಿ, ಒಳಗೆ ಇನ್ನೂ ಮೂರು ಬೂದು ಕಿಟಕಿ. ಮೊದಲ ದಿನ ತೆರೆದು, ಇದೇನಿದು ಎಂದು ಮುಚ್ಚಿಬಿಟ್ಟೆ. ಎರಡನೇ ದಿನ ಅದರ ಪ್ರಾಜೆಕ್ಟ್ ಫೋಲ್ಡರ್ ಒಳಗೆ ಇಣುಕಿದಾಗ ಮನಸ್ಸು ಬದಲಾಯಿತು. ಮೂಲ ಫೈಲಿಗೆ ಒಂದು ಫೋಲ್ಡರ್, ಸಿದ್ಧವಾದ ಅನುವಾದಕ್ಕೆ ಒಂದು, ಹಳೆಯ ಮೆಮೊರಿಗೆ ಒಂದು, ಪದಪಟ್ಟಿಗೆ ಒಂದು. ಪದಪಟ್ಟಿ ಅಂದರೆ ಟ್ಯಾಬ್ ಹಾಕಿ ಬರೆದ ಸಾದಾ ಪಠ್ಯ, ಅಷ್ಟೇ. ನಾಳೆ ಒಮೆಗಾ‌ಟಿ ನಿಂತುಹೋದರೂ ನನ್ನ ಪದಪಟ್ಟಿ ಎಲ್ಲಿ ಬೇಕಾದರೂ ತೆರೆಯುತ್ತದೆ.

ಪೆಟ್ಟೂ ತಿಂದಿದ್ದೇನೆ. ಮೂಲದಲ್ಲಿ ದಪ್ಪ ಅಕ್ಷರ, ಲಿಂಕ್ ಏನಾದರೂ ಇದ್ದರೆ ಒಮೆಗಾ‌ಟಿ ವಾಕ್ಯದ ನಡುವೆ ಪುಟ್ಟ ಟ್ಯಾಗ್‌ಗಳನ್ನು ತೋರಿಸುತ್ತದೆ. ಕಣ್ಣಿಗೆ ಕಿರಿಕಿರಿ ಎಂದು ಒಂದಷ್ಟನ್ನು ಅಳಿಸಿಬಿಟ್ಟೆ. ಅನುವಾದ ಮುಗಿಸಿ ಫೈಲು ತೆಗೆದರೆ ವರ್ಡ್ ಅದನ್ನು ತೆರೆಯಲೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಒಂದೊಂದೇ ಟ್ಯಾಗ್ ವಾಪಸ್ ಕೂರಿಸಿದೆ. ಟ್ಯಾಗ್ ಸರಿ ಇದೆಯೇ ಎಂದು ಪರೀಕ್ಷಿಸುವ ಆಜ್ಞೆ ಮೆನುವಿನಲ್ಲೇ ಇತ್ತು ಅನ್ನುವುದು ಮಾರನೇ ದಿನ ಗೊತ್ತಾಯಿತು.

ಒಮೆಗಾ‌ಟಿ ವರ್ಡ್‌ನ ಹಳೆಯ ಡಾಕ್ ಫೈಲುಗಳನ್ನು ನೇರವಾಗಿ ಓದುವುದಿಲ್ಲ. ವರ್ಡ್‌ನ ಹೊಸ ರೂಪ ಡಾಕ್ಸ್‌ಗೆ ಅಥವಾ ಎಲ್ಲರಿಗೂ ತೆರೆದ ರೂಪ ಒಡಿಟಿಗೆ ಬದಲಾಯಿಸಿ ಕೊಡಬೇಕು. ಹಾಗಾಗಿ ಅದರ ಹಿಂದೆಯೇ ವರ್ಡ್‌ನ ಕೆಲಸ ಮಾಡುವ ಲಿಬ್ರೆಆಫೀಸ್ ಬಂತು.

ಅದರ ವಂಶಾವಳಿ ದೊಡ್ಡದು. ಮೊದಲು ಜರ್ಮನಿಯ ಒಂದು ಸಣ್ಣ ಕಂಪನಿಯ ಸ್ಟಾರ್‌ಆಫೀಸ್. 1999ರಲ್ಲಿ ಅದನ್ನು ಸನ್ ಕಂಪನಿ ಕೊಂಡಿತು, ಮರುವರ್ಷ ಅದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳನ್ನು, ಬಿಡುಗಡೆ ಮಾಡಿತು. ಅದೇ ಓಪನ್‌ಆಫೀಸ್. 2010ರಲ್ಲಿ ಒರಾಕಲ್ ಬಂದು ಸನ್ ಅನ್ನೇ ಕೊಂಡಿತು. ಹೊಸ ಯಜಮಾನರ ಕೈಯಲ್ಲಿ ಇದರ ಗತಿ ಏನಾಗುತ್ತದೋ ಎಂದು ಅದನ್ನು ಕಟ್ಟುತ್ತಿದ್ದವರಲ್ಲಿ ಬಹಳ ಜನ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೊರಗೆ ಬಂದರು. ಬರುವಾಗ ಕೋಡ್‌ನ ಪ್ರತಿಯನ್ನೂ ತಂದರು. ಕದ್ದದ್ದಲ್ಲ. ಪರವಾನಗಿಯೇ ಅದಕ್ಕೆ ಅವಕಾಶ ಕೊಟ್ಟಿತ್ತು. ಆ ಪ್ರತಿಯೇ ಲಿಬ್ರೆಆಫೀಸ್.

ನನಗೆ ಮುಕ್ತ ತಂತ್ರಾಂಶದ ಅರ್ಥ ಸರಿಯಾಗಿ ತಲೆಗೆ ಹೋದದ್ದು ಈ ಕಥೆಯಿಂದ. ಬಿಟ್ಟಿಯಾಗಿ ಸಿಗುವುದು ಬೇರೆ, ಮುಕ್ತವಾಗಿರುವುದು ಬೇರೆ. ಕನ್ನಡದಲ್ಲಿ ಇದಕ್ಕೆ ಎರಡು ಪದ ಇರುವುದು ನಮ್ಮ ಪುಣ್ಯ, ಇಂಗ್ಲಿಷಿನವರು ಎರಡಕ್ಕೂ ಫ್ರೀ ಅಂದು ಇವತ್ತಿಗೂ ವಿವರಣೆ ಕೊಡುತ್ತಲೇ ಇದ್ದಾರೆ. ನಾನು ಟಿಪ್ಪಣಿ ಬರೆದಿಡುತ್ತಿದ್ದ ಬಿಟ್ಟಿ ಸೇವೆಯೊಂದು ಒಂದು ದಿನ ಬಾಗಿಲು ಮುಚ್ಚಿತು. ಅದರ ಪ್ರತಿ ತೆಗೆದುಕೊಂಡು ಬೇರೆ ಯಾರೂ ಮುಂದುವರಿಸುವಂತಿರಲಿಲ್ಲ. ಕಾಸು ಕೊಟ್ಟಿರಲಿಲ್ಲ, ಹಾಗಾಗಿ ಜಗಳ ಆಡುವ ಮುಖವೂ ಇರಲಿಲ್ಲ.

ಬ್ಲೆಂಡರ್‌ನದ್ದು ಇನ್ನೂ ಚೆನ್ನಾಗಿದೆ. ಮೂರು ಆಯಾಮದ ಚಿತ್ರ, ಆ್ಯನಿಮೇಶನ್ ಮಾಡುವ ಈ ಪ್ರೋಗ್ರಾಂ ಹಿಂದಿದ್ದ ಕಂಪನಿ 2002ರಲ್ಲಿ ಮುಳುಗಿತು. ಅದನ್ನು ಬರೆದ ಟಾನ್ ರೂಸೆಂಡಾಲ್ ಹೂಡಿಕೆದಾರರ ಹತ್ತಿರ ಮಾತಾಡಿ, 1,00,000 ಯೂರೋ ಕೊಟ್ಟರೆ ಕೋಡ್ ಬಿಡಿಸಿಕೊಳ್ಳಬಹುದು ಎಂದು ಒಪ್ಪಿಸಿದರು. ಬಳಸುವವರೇ ಏಳು ವಾರದಲ್ಲಿ ಅಷ್ಟು ದುಡ್ಡು ಒಟ್ಟು ಮಾಡಿದರು. ಅಕ್ಟೋಬರ್‌ನಲ್ಲಿ ಅದು ಜಿಪಿಎಲ್ ಅಡಿ ಹೊರಬಂತು. ಒತ್ತೆ ಇಟ್ಟದ್ದನ್ನು ಬಿಡಿಸಿಕೊಂಡ ಹಾಗೆ. ಬ್ಲೆಂಡರ್ ನನಗೆ ಬೇಕಾಗಿಲ್ಲ, ಆದರೂ ಈ ಕಥೆ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ.

ಇನ್ನು ಲಿಬ್ರೆಆಫೀಸ್‌ನಲ್ಲಿ ಕನ್ನಡ. ಮೊದಲ ವಾರ ಅಳು ಬಂತು. ಅಕ್ಷರದ ಗಾತ್ರ 12 ಎಂದು ಇಡುತ್ತೇನೆ, ನಡುವೆ ಬರುವ ಇಂಗ್ಲಿಷ್ ಪದ 12 ಆಗುತ್ತದೆ, ಕನ್ನಡ ಮಾತ್ರ ತನಗೆ ತೋಚಿದ ಗಾತ್ರದಲ್ಲಿ, ತನಗೆ ತೋಚಿದ ಫಾಂಟ್‌ನಲ್ಲಿ. ಪ್ರೋಗ್ರಾಂ ಹಾಳಾಗಿದೆ ಎಂದೇ ತಿಳಿದಿದ್ದೆ. ವಿಷಯ ಏನೆಂದರೆ, ಲಿಬ್ರೆಆಫೀಸ್ ಕನ್ನಡದಂಥ ಲಿಪಿಗಳನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂದು ಬೇರೆ ಗುಂಪಿಗೆ ಹಾಕಿದೆ. ಇಂಗ್ಲಿಷಿಗೆ ಒಂದು ಫಾಂಟ್, ಈ ಗುಂಪಿಗೆ ಇನ್ನೊಂದು. ಆಯ್ಕೆಗಳಲ್ಲಿ ಭಾಷೆಯ ಭಾಗಕ್ಕೆ ಹೋಗಿ ಅದನ್ನು ಟಿಕ್ ಮಾಡಬೇಕು. ಆಮೇಲೆ ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಕನ್ನಡದ ಫಾಂಟನ್ನೂ ಗಾತ್ರವನ್ನೂ ಬೇರೆಯಾಗಿ ಕೊಡಬೇಕು. ಒಂದೇ ಸಲ ಮಾಡಿದರೆ ಸಾಕು. ಈಗ ನಾನು ಇಂಗ್ಲಿಷಿಗೆ 11, ಕನ್ನಡಕ್ಕೆ ನೋಟೊ ಸೆರಿಫ್ ಕನ್ನಡದಲ್ಲಿ 12 ಇಟ್ಟಿದ್ದೇನೆ. ಎರಡೂ ಒಂದೇ ಎತ್ತರದಲ್ಲಿ ಕಾಣುತ್ತವೆ. ಮೊದಲು ತಲೆನೋವಾಗಿದ್ದದ್ದೇ ಈಗ ಅನುಕೂಲ. ಒಂದೇ ಫಾಂಟ್ ಪೆಟ್ಟಿಗೆ ಇರುವ ಪ್ರೋಗ್ರಾಂಗೆ ವಾಪಸ್ ಹೋದರೆ ಈಗ ನನಗೆ ಕೈ ಕಟ್ಟಿಹಾಕಿದ ಹಾಗಾಗುತ್ತದೆ.

ಇನ್ನೊಂದು ತೊಂದರೆ, ಬೇರೆಯವರು ಕಳಿಸಿದ ಡಾಕ್ಸ್ ತೆರೆದರೆ ಕೋಷ್ಟಕ ಜರುಗಿ ಮುಂದಿನ ಪುಟಕ್ಕೆ ಹೋಗುವುದು. ಅರ್ಧಕ್ಕರ್ಧ ಸಲ ಇದಕ್ಕೆ ಕಾರಣ ಫಾಂಟ್. ಕ್ಯಾಲಿಬ್ರಿ ನಮ್ಮ ಹತ್ತಿರ ಇರುವುದಿಲ್ಲ, ಬದಲಿಗೆ ಬರುವ ಫಾಂಟ್ ಒಂದಿಷ್ಟು ಅಗಲ ಇರುತ್ತದೆ, ಸಾಲುಗಳು ಉದ್ದವಾಗುತ್ತವೆ. ಕಾರ್ಲಿಟೊ ಎಂಬ ಮುಕ್ತ ಫಾಂಟನ್ನು ಕ್ಯಾಲಿಬ್ರಿಯ ಅಗಲಕ್ಕೇ ಸರಿಯಾಗಿ ಮಾಡಿದ್ದಾರೆ. ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸೆರಿಫ್ ಇದೆ. ಅವನ್ನು ಹಾಕಿದ ಮೇಲೆ ಜಾಸ್ತಿ ಕೋಷ್ಟಕಗಳು ಸ್ವಸ್ಥಾನಕ್ಕೆ ಬಂದವು. ಎಲ್ಲವೂ ಅಲ್ಲ.

ಒಂದು ಆಟ ಆಡಿ ನೋಡಿ. ನಿಮ್ಮದೊಂದು ಒಡಿಟಿ ಫೈಲಿನ ಪ್ರತಿ ಮಾಡಿ, ಹೆಸರಿನ ಕೊನೆಯಲ್ಲಿ ಒಡಿಟಿ ತೆಗೆದು ಜಿಪ್ ಎಂದು ಹಾಕಿ, ತೆರೆಯಿರಿ. ಒಳಗೆ ಪುಟ್ಟ ಪುಟ್ಟ ಫೈಲುಗಳು. ಕಂಟೆಂಟ್ ಹೆಸರಿನದರಲ್ಲಿ ನಿಮ್ಮ ವಾಕ್ಯಗಳು ಹಾಗೇ ಕೂತಿರುತ್ತವೆ, ನೀವು ಸೇರಿಸಿದ ಚಿತ್ರಗಳು ಪಕ್ಕದ ಫೋಲ್ಡರ್‌ನಲ್ಲಿ. ಈ ರೂಪ 2006ರಲ್ಲೇ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಗಿದೆ, ಯಾರು ಬೇಕಾದರೂ ಇದನ್ನು ಓದುವ ಪ್ರೋಗ್ರಾಂ ಬರೆಯಬಹುದು. ನ್ಯಾಯವಾಗಿ ಹೇಳಬೇಕೆಂದರೆ ಡಾಕ್ಸ್ ಕೂಡ ಒಂದು ಜಿಪ್ಪೇ, ಅದಕ್ಕೂ ಮಾನಕ ಇದೆ. ಆದರೆ ಅದರ ಒಳಗನ್ನು ಬಿಚ್ಚಿ ನೋಡಿದರೆ ತಲೆ ತಿರುಗುತ್ತದೆ.

ಇಷ್ಟೆಲ್ಲ ಆಗಿ ಒಂದು ವರ್ಷದ ಮೇಲೆ ಲಿನಕ್ಸ್ ಹಾಕಿದೆ. ಅಷ್ಟರಲ್ಲಿ ನಾನು ಬಳಸುವ ಫೈರ್‌ಫಾಕ್ಸ್, ವಿಎಲ್‌ಸಿ, ಒಮೆಗಾ‌ಟಿ, ಲಿಬ್ರೆಆಫೀಸ್ ಎಲ್ಲ ಎರಡೂ ಕಡೆ ಓಡುವಂಥವೇ ಆಗಿದ್ದರಿಂದ ಹೊಸ ಮನೆಗೆ ಹಳೆ ಸಾಮಾನು ಸಾಗಿಸಿದಷ್ಟೇ ಕೆಲಸ. ಪೆನ್‌ಡ್ರೈವ್‌ನಿಂದ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಓಡಿಸಿ ವೈಫೈ, ಧ್ವನಿ, ಪ್ರಿಂಟರ್ ನೋಡಿಕೊಂಡು ಆಮೇಲೆ ಡಿಸ್ಕಿಗೆ ಹಾಕಿದೆ. ಕನ್ನಡ ಟೈಪಿಂಗ್‌ಗೆ ಐಬಸ್, ಅದರ ಜೊತೆಗೆ ಎಂ17ಎನ್ ಹಾಕಿದರೆ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ. ನನ್ನ ಬೆರಳಿಗೆ ಅಭ್ಯಾಸ ಇದ್ದದ್ದು ಅದೇ. ಅದೊಂದು ಸಿಗದಿದ್ದರೆ ಮಾರನೇ ದಿನವೇ ತೆಗೆದುಬಿಡುತ್ತಿದ್ದೆ.

ಪ್ರಿಂಟರ್ ಅಂದಾಗ ನೆನಪಾಯಿತು. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಹಳೆಯದರಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವ ಹಾಗೆ ಅವರೇ ಕೋಡ್ ತಿದ್ದಿದ್ದರು. ಹೊಸದಕ್ಕೆ ಸೋರ್ಸ್ ಕೋಡ್ ಇರಲಿಲ್ಲ. ಅದು ಇದ್ದವರ ಹತ್ತಿರ ಹೋಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲ ಎಂದು ಸಹಿ ಹಾಕಿದ್ದೇನೆ ಅಂದರಂತೆ. 1983ರಲ್ಲಿ ಅವರು ಪೂರ್ತಿ ಮುಕ್ತವಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದ್ದರ ಹಿಂದೆ ಈ ಸಿಟ್ಟೂ ಇತ್ತು. ಪ್ರಿಂಟರ್ ಮೇಲಿನ ಸಿಟ್ಟು ಯಾರಿಗೆ ಅರ್ಥ ಆಗುವುದಿಲ್ಲ ಹೇಳಿ!

ಎಲ್ಲವೂ ಚೆನ್ನಾಗಿದೆ ಎಂದರೆ ಸುಳ್ಳಾಗುತ್ತದೆ. ಜಿಂಪ್ ಇವತ್ತಿಗೂ ಮುದ್ರಣದ ಸಿಎಂವೈಕೆ ಬಣ್ಣದಲ್ಲೇ ಚಿತ್ರ ತಿದ್ದಲು ಬಿಡುವುದಿಲ್ಲ. ಒಬ್ಬ ಗ್ರಾಹಕರ ಫೈಲುಗಳು ಅವರದ್ದೇ ಪ್ರೋಗ್ರಾಂನಲ್ಲಿ ಮಾತ್ರ ತೆರೆಯುತ್ತವೆ, ಅವರಿಗಾಗಿ ಹಳೆಯ ಲ್ಯಾಪ್‌ಟಾಪ್ ಒಂದನ್ನು ಹಾಗೇ ಇಟ್ಟುಕೊಂಡಿದ್ದೇನೆ.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು 2024ರ ಮಾರ್ಚ್‌ನ ಸುದ್ದಿ. ಎಕ್ಸ್‌ಜೆಡ್ ಅಂತ ಫೈಲು ಕುಗ್ಗಿಸುವ ಒಂದು ಸಣ್ಣ ಸಲಕರಣೆ, ಲಿನಕ್ಸ್‌ನಲ್ಲಿ ಎಲ್ಲೆಲ್ಲೂ ಇರುವಂಥದ್ದು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬರೇ, ಸಂಬಳ ಇಲ್ಲದೆ. ಅವರು ಸುಸ್ತಾಗಿದ್ದಾಗ ಸಹಾಯಕ್ಕೆ ಬಂದ ಒಬ್ಬ, ಎರಡು ವರ್ಷಕ್ಕೂ ಜಾಸ್ತಿ ಒಳ್ಳೆಯವನ ಹಾಗೆ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಒಳಗೆ ಕಳ್ಳಬಾಗಿಲು ಇಟ್ಟ. ಹಿಡಿದದ್ದು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ತಡ ಯಾಕಾಗುತ್ತಿದೆ ಎಂದು ಕೆದಕಿದ್ದಕ್ಕೆ ಸಿಕ್ಕಿತು. ಕೋಡ್ ತೆರೆದಿದ್ದರಿಂದ ಕೆದಕಲು ಆಯಿತು, ಸರಿ. ಆದರೆ ಆ ಒಬ್ಬರು ಸುಸ್ತಾಗಿದ್ದಾಗ ನಾವೆಲ್ಲ ಎಲ್ಲಿದ್ದೆವು?

ಅದನ್ನು ಓದಿದ ಮೇಲೆ, ಹಿಂದೆ ಚಂದಾಕ್ಕೆ ಕಟ್ಟುತ್ತಿದ್ದ ದುಡ್ಡಿನಲ್ಲಿ ಒಂದು ಪಾಲನ್ನು ನಾನು ಬಳಸುವ ಪ್ರಾಜೆಕ್ಟ್‌ಗಳಿಗೆ ಕಳಿಸುತ್ತಿದ್ದೇನೆ. ಕೋಡ್ ಬರೆಯಲು ನನಗೆ ಬರುವುದಿಲ್ಲ. ಪದ ಬರುತ್ತದೆ. ಲಿಬ್ರೆಆಫೀಸ್‌ನ ಮೆನುಗಳ ಅನುವಾದ ನಡೆಯುವುದು ವೆಬ್ಲೇಟ್ ಎಂಬ ಕಡೆ, ಅದೂ ಮುಕ್ತ ತಂತ್ರಾಂಶವೇ. ಲಾಗಿನ್ ಆಗಿ ಕನ್ನಡ ಆರಿಸಿದರೆ ಸಾಲುಗಳು ಒಂದೊಂದಾಗಿ ಬರುತ್ತವೆ. ಮೇಲೆ ಇಂಗ್ಲಿಷ್, ಕೆಳಗೆ ಖಾಲಿ ಪೆಟ್ಟಿಗೆ. ನನ್ನ ದಿನದ ಕೆಲಸದ ಹಾಗೇ, ಬಿಲ್ ಒಂದು ಇಲ್ಲ.

ನಿನ್ನೆ ರಾತ್ರಿ ಮೂರೇ ಸಾಲು ಆಯಿತು. ಮೂರನೆಯದು ಒಂದು ಪುಟ್ಟ ಬಟನ್‌ನ ಮೇಲಿನ ಪದ, ಸ್ವಲ್ಪ ಉದ್ದ ಆದರೂ ತುದಿ ಕತ್ತರಿಸುತ್ತದೆ. "ರದ್ದುಗೊಳಿಸು" ಬರೆದೆ, ಅಳಿಸಿದೆ. "ರದ್ದುಮಾಡು" ಬರೆದೆ. ಅದೂ ಒಂದಿಷ್ಟು ಉದ್ದವೇ. "ಬೇಡ" ಅಂತ ಹಾಕಿದರೆ ಹೇಗೆ? ಮನೆಯಲ್ಲಿ ನಾವು ಹೇಳುವುದು ಅದನ್ನೇ ಅಲ್ವಾ. ಸಲಹೆ ಎಂದು ಹಾಕಿ ಮಲಗಿದೆ. ಯಾರಾದರೂ ನೋಡಿ ಒಪ್ಪಬೇಕು, ಇಲ್ಲವೇ ಬೈಯಬೇಕು.