ಇದು ಯಾವ ಪ್ರಕಾರಕ್ಕೆ ಸೇರುತ್ತದೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬರೆದದ್ದನ್ನು ಕೈಗಿಟ್ಟು ‘ಇದು ಕಥೆಯೋ ಪ್ರಬಂಧವೋ ನೀವೇ ಹೇಳಿ’ ಅನ್ನುವವರು ಬಹಳ ಮಂದಿ. ಸಿನಿಮಾ ಮಾಡುವ ಹುಡುಗರು ಅದನ್ನೇ ‘ಇದರ ಜಾನರ್ ಏನು ಸರ್’ ಎಂದು ಕೇಳುತ್ತಾರೆ. ಇಬ್ಬರಿಗೂ ನಾನು ಕೇಳುವ ಮರುಪ್ರಶ್ನೆ ಒಂದೇ: ಇದರಲ್ಲಿ ಏನಾದರೆ ತಪ್ಪು ಅನ್ನಿಸುತ್ತದೆ? ಪ್ರಕಾರ ಬದಲಾದರೆ ದೋಷಗಳ ಪಟ್ಟಿ ಬದಲಾಗುತ್ತದೆ. ಪಟ್ಟಿ ಬದಲಾಗದಿದ್ದರೆ ಹೆಸರು ಎರಡಿದ್ದರೂ ಪ್ರಕಾರ ಒಂದೇ.

ಶಿವಮೊಗ್ಗ ಜಿಲ್ಲೆಯವರು ಇದನ್ನು ಕಣ್ಣಾರೆ ನೋಡಲು ದೂರ ಹೋಗಬೇಕಾಗಿಲ್ಲ. ಕರ್ಣನ ಕಥೆ ಒಂದನ್ನೇ ಹಿಡಿಯಿರಿ.

ಮೊದಲು ಗಮಕ, ಅಂದರೆ ಕಾವ್ಯವನ್ನು ಅರ್ಥ ತಿಳಿಯುವಂತೆ ರಾಗವಾಗಿ ಓದುವ ಕಲೆ. ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿಯ ಮುಂದಿರುವುದು ಕುಮಾರವ್ಯಾಸನ ಭಾಮಿನಿ ಷಟ್ಪದಿ. ಆರು ಸಾಲು, 1, 2, 4, 5ನೇ ಸಾಲುಗಳಲ್ಲಿ 3-4-3-4ರಂತೆ 14 ಮಾತ್ರೆ, 3 ಮತ್ತು 6ನೇ ಸಾಲುಗಳಲ್ಲಿ 3-4ರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು (ಎರಡು ಮಾತ್ರೆ), ಒಟ್ಟು 23. ಕಲಿಯುವವರು ಎಡವುವುದು ಇಲ್ಲೇ. ಗಣ, ಅಂದರೆ ಈ ಮೂರು–ನಾಲ್ಕು ಮಾತ್ರೆಗಳ ಗುಂಪು, ಮುಗಿದಲ್ಲೆಲ್ಲ ನಿಲ್ಲಿಸಿ ಓದಿದರೆ ಲಯವೇನೋ ಉಳಿಯುತ್ತದೆ, ಪದ ಮಾತ್ರ ಒಡೆದುಹೋಗುತ್ತದೆ, ಏಕೆಂದರೆ ಗಣ ಮುಗಿದಲ್ಲಿ ಪದವೂ ಮುಗಿಯಬೇಕೆಂಬ ಕಟ್ಟಳೆ ಇಲ್ಲ. ಹಾಗಾಗಿ ಗಮಕಿ ಅರ್ಥ ನೋಡಿಕೊಂಡು ಪದ ಬಿಡಿಸುತ್ತಾರೆ, ತಾಳದ ಕಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ. ರಾಗ ಪದ್ಯದ ರಸಕ್ಕೆ ಹೊಂದಬೇಕು, ಆದರೆ ಆಲಾಪನೆ ಹಿಗ್ಗಿದರೆ ಕೇಳುವವರಿಗೆ ಮಾತು ತಪ್ಪುತ್ತದೆ. ಆಗ ಅದು ಸಂಗೀತ ಕಚೇರಿ. ಕವಿಯ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಹಿಗ್ಗಿಸುವ ಸ್ವಾತಂತ್ರ್ಯವೆಲ್ಲ ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರದು.

ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅದೇ ಕರ್ಣ ತಾಳಮದ್ದಳೆಯಲ್ಲಿ ಸಿಗುತ್ತಾನೆ. ಇದೂ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದ್ಯ ಪ್ರಸಂಗದ್ದು, ಅಂದರೆ ಮೊದಲೇ ಬರೆದಿಟ್ಟ ಕೃತಿಯದ್ದು; ಪಾತ್ರವಾಗಿ ಕೂತು ಮಾತಾಡುವ ಅರ್ಥಧಾರಿಯ ಮಾತು ಆ ಹೊತ್ತಿಗೆ ಹುಟ್ಟುವಂಥದ್ದು. ಇಲ್ಲಿ ಪದ್ಯದ ಸಾರವನ್ನಷ್ಟೇ ನಾಲ್ಕು ವಾಕ್ಯದಲ್ಲಿ ಹೇಳಿ ಸುಮ್ಮನಾಗುವುದು ದೋಷ. ಎದುರಿನ ಅರ್ಥಧಾರಿ ಹಾಕಿದ ಪ್ರಶ್ನೆಗೆ ಉತ್ತರ ಕೊಡದೆ, ಮನೆಯಿಂದ ಸಿದ್ಧಮಾಡಿಕೊಂಡು ಬಂದದ್ದನ್ನೇ ಒಪ್ಪಿಸುವುದು ಇನ್ನೂ ದೊಡ್ಡ ದೋಷ. ಕರ್ಣನ ಹುಟ್ಟಿನ ಬಗ್ಗೆ ಅರ್ಧ ಗಂಟೆ ವಾದ ನಡೆದರೆ ಯಾರೂ ಗಡಿಯಾರ ನೋಡುವುದಿಲ್ಲ. ಅದೇ ಅರ್ಧ ಗಂಟೆಯನ್ನು ವೇಷ ಕಟ್ಟಿದ ಯಕ್ಷಗಾನದ ಆಟಕ್ಕೆ ತನ್ನಿ: ಚಂಡೆಯವರು ಕೈಕಟ್ಟಿ ಕೂರುತ್ತಾರೆ, ಗೆಜ್ಜೆ ಕಟ್ಟಿದ ಕಾಲು ನಿಂತಲ್ಲೇ ಇರುತ್ತದೆ, ಬಣ್ಣ ಹಚ್ಚುವ ಚೌಕಿಯಲ್ಲಿ ಮುಂದಿನ ವೇಷ ಕಾಯುತ್ತದೆ. ಆಟದಲ್ಲಿ ಹೆಜ್ಜೆಗೂ ಚಂಡೆಯ ಪೆಟ್ಟಿಗೂ ತಾಳೆಯಾಗದಿದ್ದರೆ ಮಾತು ಎಷ್ಟು ಚೆನ್ನಾಗಿದ್ದರೂ ಸೋಲು.

ಇನ್ನು ಹೆಗ್ಗೋಡಿನ ರಂಗಮಂದಿರ. 1949ರಲ್ಲಿ ಹುಟ್ಟಿದ ಅಲ್ಲಿನ ರಂಗಸಂಸ್ಥೆ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ‘ತಿರುಗಾಟ’ವನ್ನೂ ಶುರುಮಾಡಿತು. ಅಂಥ ರಂಗದ ಮೇಲೆ ಕರ್ಣನ ಪಾತ್ರಧಾರಿ ಹುರುಪಿನಲ್ಲಿ ಹತ್ತು ಸಾಲು ಸೇರಿಸಿದರೆ ಎದುರಿನ ನಟನಿಗೆ ಮಾತು ಶುರುಮಾಡುವ ಸುಳಿವು ತಪ್ಪುತ್ತದೆ, ಬೆಳಕಿನವರು ಸಾಲಿಗಾಗಿ ಕಾಯುತ್ತಾ ಉಳಿಯುತ್ತಾರೆ. ತಾಳಮದ್ದಳೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಗುಣ ಇಲ್ಲಿ ಅಶಿಸ್ತು. ‘ತಾಳಮದ್ದಳೆಯಲ್ಲಿ ಬರೀ ಮಾತು’ ಎಂದು ಮೂಗು ಮುರಿಯುವವರೂ, ‘ನಾಟಕದವರಿಗೆ ಸ್ವಂತ ಮಾತೇ ಬರಲ್ಲ’ ಅನ್ನುವವರೂ ಒಂದರ ದೋಷಪಟ್ಟಿ ಹಿಡಿದು ಇನ್ನೊಂದನ್ನು ಅಳೆಯುತ್ತಿರುತ್ತಾರೆ.

ಹಾಗಾದರೆ ಛಂದಸ್ಸೇ ಪ್ರಕಾರವೇ? ಅಲ್ಲ. ಯಕ್ಷಗಾನ ಪ್ರಸಂಗಗಳಲ್ಲೂ ಭಾಮಿನಿ, ವಾರ್ಧಕ, ಕಂದ ಬರುತ್ತವೆ. ಪದ್ಯದ ಅಳತೆ ಒಂದೇ, ಅದರಿಂದ ಮಾಡಿಸುವ ಕೆಲಸ ಬೇರೆ. ಕಥಾವಸ್ತುವೂ ಪ್ರಕಾರವಲ್ಲ ಅನ್ನುವುದನ್ನು ಕರ್ಣನೇ ತೋರಿಸಿದ್ದಾನೆ.

ಕಾವ್ಯ, ನಾಟಕಗಳ ಲಕ್ಷಣ ಬರೆದ ನಮ್ಮ ಹಳೆಯ ಲಾಕ್ಷಣಿಕರು ಇದರಲ್ಲಿ ಚುರುಕಾಗಿದ್ದರು. ಹತ್ತನೇ ಶತಮಾನದ ಧನಂಜಯ ‘ದಶರೂಪಕ’ದಲ್ಲಿ ಹತ್ತು ಬಗೆಯ ರೂಪಕಗಳನ್ನು (ರಂಗಕೃತಿಗಳನ್ನು) ಬೇರ್ಪಡಿಸಲು ಮೂರು ಅಳತೆ ಇಟ್ಟುಕೊಂಡ: ವಸ್ತು, ನೇತೃ (ಅಂದರೆ ನಾಯಕ), ರಸ. ಹೆಸರಾಂತ ಕಥೆಯಾದರೆ ನಾಟಕ, ಕವಿ ಕಟ್ಟಿದ ಕಥೆಯಾದರೆ ಪ್ರಕರಣ, ಒಬ್ಬನೇ ನಟ ಆಡಿದರೆ ಭಾಣ. ಅವನಿಗಿಂತ ಹಿಂದಿನ ದಂಡಿ ನನಗೆ ಇನ್ನೂ ಇಷ್ಟ. ನಾಯಕನೇ ತನ್ನ ಕಥೆ ಹೇಳಿದರೆ ಆಖ್ಯಾಯಿಕೆ, ಬೇರೆಯವರೂ ಹೇಳಬಹುದಾದರೆ ಕಥೆ, ಆಖ್ಯಾಯಿಕೆಗೆ ಇಂಥದ್ದೇ ವೃತ್ತ, ಉಚ್ಛ್ವಾಸವೆಂಬ ವಿಭಾಗ ಎಂದೆಲ್ಲ ಕೆಲವರು ಗೆರೆ ಎಳೆದಿದ್ದರು. ಈ ಗೆರೆಗಳನ್ನು ಕವಿಗಳು ಪಾಲಿಸುವುದಿಲ್ಲ, ಇವು ಎರಡು ಹೆಸರು ಹೊತ್ತ ಒಂದೇ ಜಾತಿ ಎಂದು ದಂಡಿ ‘ಕಾವ್ಯಾದರ್ಶ’ದಲ್ಲಿ ಬರೆದ. ಇವತ್ತು ಮುಖಪುಟಗಳ ಮೇಲೆ ‘ನೀಳ್ಗತೆ’, ‘ಕಿರುಕಾದಂಬರಿ’ ಎಂದು ಅಚ್ಚಾಗುವುದನ್ನು ನೋಡಿದರೆ ಅವನು ಇದನ್ನೇ ಇನ್ನೊಮ್ಮೆ ಬರೆಯುತ್ತಿದ್ದ.

ಗೊಂದಲ ಹೆಚ್ಚಾಗುವುದು ಬೇರೆ ಬೇರೆ ಅಳತೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ. ‘ಮಕ್ಕಳ ಪತ್ತೇದಾರಿ ಕಾದಂಬರಿ’ ಅನ್ನಿ: ಮಕ್ಕಳ ಎಂಬುದು ಓದುಗರನ್ನು, ಪತ್ತೇದಾರಿ ಎಂಬುದು ಕಥೆ ನಡೆಯುವ ರೀತಿಯನ್ನು, ಕಾದಂಬರಿ ಎಂಬುದು ರೂಪವನ್ನು ಹೇಳುತ್ತದೆ. ಮೂರಕ್ಕೂ ಅದರದರದೇ ದೋಷಪಟ್ಟಿ ಇದೆ. ಸುಳಿವು ಕೊಡದೆ ಕೊನೆಯ ಪುಟದಲ್ಲಿ ಹೊಸಬನೊಬ್ಬನನ್ನು ತಂದು ಅಪರಾಧಿ ಅಂದರೆ ಪತ್ತೇದಾರಿಯಾಗಿ ಕೆಟ್ಟಿತು. ಹತ್ತು ವರ್ಷದ ಮಗುವಿಗೆ ಅರ್ಥವಾಗದ ನ್ಯಾಯಾಲಯದ ಭಾಷೆ ತುಂಬಿದರೆ ಮಕ್ಕಳ ಪುಸ್ತಕವಾಗಿ ಕೆಟ್ಟಿತು. ಸೆನ್ಸಾರ್ ಪ್ರಮಾಣಪತ್ರವನ್ನೂ ಕೆಲವರು ಇದರೊಳಗೆ ಎಳೆದು ತರುತ್ತಾರೆ. 2024ರ ನಿಯಮಗಳಲ್ಲಿ ಯುಎ ವರ್ಗವನ್ನು 7+, 13+, 16+ ಎಂದು ಒಡೆದಿದ್ದಾರೆ. ಅದು ವಯಸ್ಸಿನ ಮಾತು, ಪ್ರಕಾರದ ಮಾತಲ್ಲ. ‘ಕಲಾತ್ಮಕ ಚಿತ್ರ’ ಅನ್ನುವುದಂತೂ ಹೊಗಳಿಕೆ, ಕೆಲವೊಮ್ಮೆ ಬೈಗುಳ.

ಗ್ರಂಥಾಲಯದವರಿಗೆ ಈ ತಕರಾರಿಗೆ ಸಮಯವಿಲ್ಲ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಮುಂದೆ 1 ಬಿದ್ದರೆ ಕಾವ್ಯ, 2 ನಾಟಕ, 3 ಕಥೆ–ಕಾದಂಬರಿ, 4 ಪ್ರಬಂಧ. ಪುಸ್ತಕಕ್ಕೆ ಒಂದೇ ಕಪಾಟು ಬೇಕು, ಆದ್ದರಿಂದ ಒಂದೇ ಅಂಕಿ. ತೇಜಸ್ವಿಯವರ ‘ಕರ್ವಾಲೊ’ 3ರ ಕಪಾಟಿಗೇ ಹೋಗುತ್ತದೆ, ಆದರೆ ಓದುವಾಗ ವಿಜ್ಞಾನ, ಸಾಹಸ, ಊರ ಪಡಿಪಾಟಲಿನ ಹಾಸ್ಯ ಎಲ್ಲವೂ ಸಿಗುತ್ತವೆ. ದೋಷದ ಪ್ರಶ್ನೆ ಹಾಕಿ ನೋಡಿ. ಇಡೀ ಕಥೆ ಹಾರುವ ಓತಿಯ ಬೆನ್ನು ಹತ್ತಿ ಹೋಗುತ್ತದೆ, ಕೊನೆಗೆ ಓತಿ ಕೈಗೆ ಸಿಗುವುದಿಲ್ಲ. ಬರೀ ಸಾಹಸ ಕಥೆಯಾಗಿದ್ದರೆ ಓದುಗ ಮೋಸಹೋದೆ ಅನ್ನುತ್ತಿದ್ದ. ಯಾರೂ ಹಾಗೆ ಅನ್ನುವುದಿಲ್ಲ. ಅಂದರೆ ಹುಡುಕಾಟದ ಚೌಕಟ್ಟನ್ನು ಬೇರೊಂದಕ್ಕೆ ಬಳಸಿದ್ದಾರೆ ಅನ್ನುವುದು ಅಷ್ಟರೊಳಗೆ ಓದುಗನಿಗೆ ತಿಳಿದಿರುತ್ತದೆ. ಪ್ರಕಾರಗಳ ಬೆರಕೆ ಮಾಡುವವರು ಕಲಿಯಬೇಕಾದ್ದು ಇದನ್ನು. ಯಾವ ನಿರೀಕ್ಷೆಯನ್ನು ಮುರಿಯುತ್ತೀರೋ ಅದನ್ನು ಬಿಟ್ಟು ಬೇರೊಂದು ಆಸೆಯನ್ನು ಸಾಕಷ್ಟು ಮೊದಲೇ ಹುಟ್ಟಿಸಿರಬೇಕು. ತೀರಾ ಕೊನೆಯಲ್ಲಿ ಹಾದಿ ಬದಲಿಸಿದರೆ ಅದು ಬೆರಕೆ ಅನ್ನಿಸುವುದಿಲ್ಲ, ಲೇಖಕನಿಗೆ ದಾರಿ ತಪ್ಪಿದೆ ಅನ್ನಿಸುತ್ತದೆ.

ಚಿತ್ರಕಲೆಯಲ್ಲೂ ಇದೇ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ನೆಲ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿ ನಾರು. ಮದುವೆಯ ಹಸೆಗೋಡೆಯ ಮೇಲೆ ಅದು ಶಾಸ್ತ್ರದ ಭಾಗ. ಇರಬೇಕಾದ ಅಂಗ ಬಿಟ್ಟುಹೋದರೆ ಹಿರಿಯರು ಎತ್ತಿ ಹೇಳುತ್ತಾರೆ. ಅದನ್ನೇ ಅಕ್ರಿಲಿಕ್ ಬಣ್ಣದಲ್ಲಿ ಕ್ಯಾನ್ವಾಸಿಗೆ ತಂದು ಚೌಕಟ್ಟು ಹಾಕಿ ಮಾರಿದರೆ ಕೊಳ್ಳುವವರು ಕೇಳುವುದು ಅಳತೆ, ಹೊಂದಿಕೆ, ಬಣ್ಣ ಬಾಳಿಕೆ ಬರುತ್ತದೋ ಇಲ್ಲವೋ ಎಂದು. ಗೆರೆ ಅದೇ ಇರಬಹುದು, ಪ್ರಕಾರ ಬದಲಾಯಿತು. ಅದರಲ್ಲಿ ಅವಮಾನವೇನೂ ಇಲ್ಲ, ಆದರೆ ಎರಡನ್ನೂ ಒಂದೇ ಮಾತಿನಲ್ಲಿ ವಿಮರ್ಶೆ ಮಾಡಬಾರದು.

ನಿಮ್ಮ ಬರಹದ ಮೇಲೆ ಈ ಪರೀಕ್ಷೆ ಮಾಡುವುದು ಹೀಗೆ. ಆಗುಂಬೆ ಮಳೆಯ ಬಗ್ಗೆ ಎರಡು ಪುಟ ಬರೆದಿದ್ದೀರಿ ಅಂದುಕೊಳ್ಳಿ. ಅದರಿಂದ ತಾರೀಖು, ಮಿಲಿಮೀಟರು ತೆಗೆದುಹಾಕಿ. ಬರಹ ಕುಸಿದರೆ ಅದು ವರದಿ. ಕುಸಿಯಲಿಲ್ಲವೇ, ‘ನಾನು’ ಎಂಬ ಮಾತಾಡುವ ದನಿಯನ್ನು ತೆಗೆಯಿರಿ. ಆಗ ಕುಸಿದರೆ ಲಲಿತ ಪ್ರಬಂಧ. ಅದನ್ನೂ ತಾಳಿಕೊಂಡಿತೇ, ಮಳೆಯಲ್ಲಿ ಸಿಕ್ಕಿಕೊಂಡವರಿಗೆ ಕೊನೆಗೆ ಏನೂ ಬದಲಾಗಲಿಲ್ಲ ಎಂದು ತಿದ್ದಿ ನೋಡಿ. ಓದುವವರು ‘ಆಮೇಲೇನಾಯ್ತು’ ಎಂದು ಕೇಳಿದರೆ ನೀವು ಕಥೆಗೆ ಹೊರಟಿದ್ದಿರಿ. ಮೂರನ್ನೂ ತಡೆದುಕೊಂಡರೆ ಬಹುಶಃ ಬರಹ ಇನ್ನೂ ಯಾವುದೂ ಆಗಿಲ್ಲ. ಒಂದು ಎಚ್ಚರ: ಗುರುತಿನ ಚಿಹ್ನೆಯನ್ನು ಪ್ರಕಾರವೆಂದು ತಿಳಿಯಬೇಡಿ. ಬಳ್ಳಿಗಾವಿಯ ಅಲ್ಲಮನಿಗೆ ಗುಹೇಶ್ವರ, ಉಡುತಡಿಯ ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ ಅಂಕಿತ ಇತ್ತು ನಿಜ. ಐದು ಸಾಲಿನ ಬುದ್ಧಿಮಾತಿನ ಕೊನೆಗೆ ಒಂದು ಅಂಕಿತ ಅಂಟಿಸಿದರೆ ವಚನವಾಗುವುದಿಲ್ಲ; ಅಂಕಿತ ತೆಗೆದು ಓದಿ ನೋಡಿದರೆ ಅದು ಬುದ್ಧಿಮಾತು ಎಂದು ತಿಳಿಯುತ್ತದೆ.

ಮುಖಪುಟದ ಮೇಲೆ ಏನು ಅಚ್ಚುಹಾಕಿಸಲಿ ಅನ್ನುವವರಿಗೆ: ಓದುಗ ಯಾವ ತಪ್ಪನ್ನು ಹುಡುಕಲಿ ಎಂದು ನೀವು ಒಪ್ಪುತ್ತೀರೋ ಆ ಹೆಸರನ್ನು ಹಾಕಿಸಿ. ‘ಕಾದಂಬರಿ’ ಅಂದರೆ ಪಾತ್ರ ಬೆಳೆಯಲಿಲ್ಲ ಅನ್ನುತ್ತಾರೆ, ‘ಅನುಭವ ಕಥನ’ ಅಂದರೆ ಇದು ನಿಜವಾಗಿ ನಡೆದದ್ದೇ ಎಂದು ಕೇಳುತ್ತಾರೆ. ಎರಡನೇ ಪ್ರಶ್ನೆಗೆ ಉತ್ತರ ಕೊಡಲು ತಯಾರಿಲ್ಲದಿದ್ದರೆ ಮೊದಲನೆಯದನ್ನೇ ಆರಿಸಿಕೊಳ್ಳಿ.