ಗೊತ್ತಿದ್ದೂ ಯಾಕೆ ಒಪ್ಪಿಕೊಳ್ಳಲ್ಲ?

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ನಮ್ಮನೆಯವರಿಗೆ ಎಲ್ಲಾ ಗೊತ್ತು ಮೇಡಂ, ಆದರೂ ಒಪ್ಪಿಕೊಳ್ಳಲ್ಲ. ಹೇಗೆ ಅರ್ಥ ಮಾಡಿಸೋದು?" ಒಬ್ಬರಿಗೆ ಗಂಡನ ಕುಡಿತದ ಚಿಂತೆ, ಇನ್ನೊಬ್ಬರಿಗೆ ತಾಯಿಯ ಬಿಪಿಯದು.

ನನಗೆ ಆಗೆಲ್ಲ ನೆನಪಾಗೋದು ನಮ್ಮಪ್ಪ. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಯಾಬಿಟೀಸ್ ಅಂತ ಲೆಕ್ಕ. ಅಪ್ಪನದು ಎರಡು ಸಲವೂ 170ರ ಹತ್ತಿರ ಇತ್ತು. ಅವರು ರಿಪೋರ್ಟಿನ ಕವರನ್ನು ಎರಡಾಗಿ ಮಡಚಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದರು. ಊಟ ಆದಮೇಲೆ ಎಂದಿನಂತೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರು. "ಅವರ ಮೆಷಿನ್ ಸರಿ ಇಲ್ಲ. ನಮ್ಮ ವಂಶದಲ್ಲೇ ಇಲ್ಲ ಅದು" ಅಂದರು. ಶುಗರಿನಿಂದಾಗಿ ಅಜ್ಜನ ಕಾಲಿನ ಗಾಯ ಒಣಗದೆ, ಕೊನೆಗೆ ಎರಡು ಬೆರಳು ತೆಗೆದಾಗ ಆಸ್ಪತ್ರೆಯಲ್ಲಿ ಜೊತೆಗಿದ್ದವರು ಇದೇ ಅಪ್ಪ.

"ಅಪ್ಪಾ, ಇದಕ್ಕೆ ನಿರಾಕರಣೆ ಅಂತಾರೆ" ಅಂದೆ. ಎದ್ದು ಹಿತ್ತಿಲಿಗೆ ಹೋದರು. ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ತಪ್ಪು ನನ್ನದೇ. ತಡೆಯಲಾರದ ಸಂಕಟದಿಂದ ಮನಸ್ಸು ತನ್ನನ್ನು ಕಾಪಾಡಿಕೊಳ್ಳುತ್ತದೆ ಅನ್ನುವ ವಿಚಾರವನ್ನು ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1894ರಲ್ಲೇ ಬರೆದಿದ್ದ. ನಿರಾಕರಣೆಯೂ ಹಾಗೆ ಕಾಪಾಡಿಕೊಳ್ಳುವ ಒಂದು ದಾರಿ. ಮನಸ್ಸಿನ ಈ ರಕ್ಷಣಾ ತಂತ್ರಗಳನ್ನೆಲ್ಲ ಒಟ್ಟುಮಾಡಿ 1936ರಲ್ಲಿ ಪುಸ್ತಕ ಮಾಡಿದ್ದು ಅವನ ಮಗಳು ಆನಾ ಫ್ರಾಯ್ಡ್. ಮುಖ್ಯವಾದ ಮಾತು ಏನೆಂದರೆ, ಇವು ನಡೆಯೋದು ನಮಗೆ ಗೊತ್ತಾಗದ ಹಾಗೆ. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಆ ಹೊತ್ತಿಗೆ ಅವರಿಗೆ ಅದೇ ನಿಜ.

ಹೆಸರು ಹೊಸದಾದರೂ ಸಂಗತಿ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದರು. ಎರಡಕ್ಕೂ ನಮ್ಮ ಸಿಲಬಸ್ಸಿನಲ್ಲಿ ಒಂದೊಂದು ಅಧ್ಯಾಯದಷ್ಟು ವಿವರಣೆ ಇದೆ. ಈ ತಂತ್ರಗಳೆಲ್ಲ ಕೆಟ್ಟವೇ ಅಂತಲ್ಲ. ಅಮೆರಿಕದ ಮನೋವೈದ್ಯ ಜಾರ್ಜ್ ವೈಲಂಟ್ ಇವುಗಳನ್ನು ನಾಲ್ಕು ಮೆಟ್ಟಿಲು ಮಾಡಿ, ನಗು ಮತ್ತು ಪರೋಪಕಾರವನ್ನು ಮೇಲಿನ ಮೆಟ್ಟಿಲಲ್ಲಿ ಇಟ್ಟ. ದುಃಖದಲ್ಲಿರುವ ಹೆಂಗಸು ಪಕ್ಕದ ಮನೆ ಮದುವೆಯ ಕೆಲಸಕ್ಕೆ ಮೈಮುರಿದು ದುಡಿಯೋದನ್ನು ನೋಡಿದ್ದೀರಲ್ವಾ, ಅದೂ ಇದೇ.

ನಾನು ಶುಗರ್ ಮಾತು ಎತ್ತೋದನ್ನು ಬಿಟ್ಟೆ. ಒಂದು ಸಂಜೆ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. "ಅಜ್ಜಂಗೆ ಕಾಲು ತುಂಬಾ ನೋಯ್ತಿತ್ತಾ ಅಪ್ಪಾ?" ಅಂತ ಕೇಳಿದೆ. ಅವರ ಕೈ ನಿಂತಿತು. ಆಮೇಲೆ ಡ್ರೆಸ್ಸಿಂಗ್ ಬಿಚ್ಚುವಾಗಿನ ವಾಸನೆ, ಅಜ್ಜ ರಾತ್ರಿ ನರಳುತ್ತಿದ್ದದ್ದು, ತಾವು ಕಂಬಳಿ ಹೊದ್ದು ಕಿವಿ ಮುಚ್ಚಿಕೊಂಡಿದ್ದು, ಎಲ್ಲಾ ಹೇಳಿದರು. ಅವರು ಹೆದರಿದ್ದು ರಿಪೋರ್ಟಿಗಲ್ಲ, ಆ ಕಾಲಿಗೆ. ವಾರದ ಮೇಲೆ ತಾವೇ ಕವರ್ ತೆಗೆದು, "ಪುಟ್ಟಿ, ಇದರಲ್ಲಿ ಯಾವ ನಂಬರ್ ನೋಡಬೇಕು?" ಅಂದರು.

ಹಾಗಾಗಿ ನನ್ನನ್ನು ಕೇಳುವವರಿಗೆ ನಾನು ಹೇಳೋದು ಇಷ್ಟು. ವಾದ ಮಾಡಬೇಡಿ, ಹೆಸರಿಡಬೇಡಿ. ಯಾವುದಕ್ಕೆ ಹೆದರಿದ್ದಾರೆ ಅಂತ ಮೆತ್ತಗೆ ಕೇಳಿ, ಉತ್ತರಕ್ಕೆ ಕಾಯಿರಿ. ಆದರೆ ಎದೆನೋವನ್ನು ಗ್ಯಾಸ್ ಅನ್ನುತ್ತಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಕುಡಿದು ಹೊಡೆಯುವವರ ಭಯ ಏನೆಂದು ಹುಡುಕೋದು ನಿಮ್ಮ ಕೆಲಸ ಅಲ್ಲ, ಮೊದಲು ನೀವು ಸುರಕ್ಷಿತ ಜಾಗಕ್ಕೆ ಹೋಗಿ. ಮನಸ್ಸಿನ ವಿಷಯಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.