ಚಳಿಗೆ ಮಾತ್ರ ಸೋರುವ ಕೂಲೆಂಟ್: ರಿಪೇರಿ ಡೈರಿ

ಡಿಸೆಂಬರ್, ಸೋಮವಾರ

ಹಾಸನದಲ್ಲಿ ಚಳಿ ಬಿದ್ದಾಗಿನಿಂದ ನಮ್ಮ ಹಳೆ ಪೆಟ್ರೋಲ್ ಕಾರಿನ ರಿಸರ್ವ್ ಬಾಟಲ್‌ನಲ್ಲಿ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಇಳಿಯುತ್ತಿದೆ. ಟೆಂಪರೇಚರ್ ಮುಳ್ಳು ಮಾತ್ರ ಕದಲಿಲ್ಲ. ಅದನ್ನು ನಂಬಿ ಕೂರುವ ಹಾಗಿಲ್ಲ. ಸೋರಿಕೆ ಸಣ್ಣದಿದ್ದಾಗ ಮುಳ್ಳು ಏನೂ ಹೇಳುವುದಿಲ್ಲ.

ಮೊದಲು ದೊಡ್ಡ ಖರ್ಚಿನ ಅನುಮಾನ ಕಳೆಯಬೇಕಿತ್ತು, ಅಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ತಲೆ ಮತ್ತು ಬ್ಲಾಕ್ ನಡುವಿನ ಸೀಲ್). ಅದು ಹೋದರೆ ಕೂಲೆಂಟ್ ಇಂಜಿನ್ ಒಳಗೆ ಸೇರಿ ಆಯಿಲ್ ಕೆಡಬಹುದು, ಬಿಳಿ ಹೊಗೆ ಬರಬಹುದು. ಡಿಪ್‌ಸ್ಟಿಕ್ ತೆಗೆದು ನೋಡಿದೆ, ಆಯಿಲ್ ಚೆನ್ನಾಗಿದೆ. ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಬೆಣ್ಣೆಯಂಥ ಜಿಡ್ಡು ಇತ್ತು. ಚಳಿಯಲ್ಲಿ ಬರೀ ಹತ್ತಿರ ಹತ್ತಿರ ಓಡಾಡುವ ಗಾಡಿಯಲ್ಲಿ ಹಬೆ ನಿಂತು ಹಾಗಾಗುತ್ತದೆ, ಅದೊಂದನ್ನೇ ನೋಡಿ ಹೆದರಬಾರದು. ಇಂಜಿನ್ ಬಿಸಿಯಾದ ಮೇಲೆ ಸೈಲೆನ್ಸರ್‌ನಿಂದ ಬಿಳಿ ಹೊಗೆ ಇಲ್ಲ. ಮುಂದಿನ ಸೀಟಿನ ಕೆಳಗೆ ಮ್ಯಾಟ್ ಒಣಗಿದೆ, ಒಳಗೆ ಸಿಹಿ ವಾಸನೆಯೂ ಇಲ್ಲ. ಹಾಗಾಗಿ ಹೀಟರ್ ಕೋರ್ (ಕಾರಿನೊಳಗೆ ಬಿಸಿ ಗಾಳಿ ಕೊಡಲು ಕೂಲೆಂಟ್ ಹರಿಯುವ ಸಣ್ಣ ರೇಡಿಯೇಟರ್) ಮೇಲಿನ ಅನುಮಾನವೂ ಹೋಯಿತು.

ಹನಿ ಎಲ್ಲಿ ಬೀಳುತ್ತದೆ ಎಂದು ನೋಡಲು ರಾತ್ರಿ ಇಂಜಿನ್ ಕೆಳಗೆ ದೊಡ್ಡ ರಟ್ಟು ಹಾಸಿಟ್ಟೆ.

ಬುಧವಾರ

ರಟ್ಟಿನ ಮೇಲೆ ಹಸಿರು ಕಲೆ, ಗೇರ್‌ಬಾಕ್ಸ್ ಕಡೆಗೆ. ಪರಿಚಯದ ಮೆಕ್ಯಾನಿಕ್ ಫೋನಿನಲ್ಲೇ "ವಾಟರ್ ಪಂಪ್ ಹೋಗಿರುತ್ತೆ, ಬಿಚ್ಚೋಣ ಸಾರ್" ಅಂದರು. ಆದರೆ ಈ ಗಾಡಿಯಲ್ಲಿ ಪಂಪ್ ಇರುವುದು ಬೆಲ್ಟ್ ಕಡೆ, ಅಂದರೆ ಇನ್ನೊಂದು ತುದಿ. ಪಂಪಿನ ಒಳಗಿನ ಸೀಲ್ ಸವೆದರೆ ಅದರ ಕೆಳಗಿನ ಸಣ್ಣ ತೂತಿನಿಂದ ಹನಿಯುತ್ತದೆ. ಸಣ್ಣ ಕನ್ನಡಿ, ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ತೂತು ಒಣ ಒಣ, ಸುತ್ತ ಹರಳುಗಟ್ಟಿದ ಗುರುತೂ ಇಲ್ಲ.

ಸೋರಿಕೆ ನಿಲ್ಲಿಸುವ ಪುಡಿ ಹಾಕಿಬಿಡು ಎಂದವರೂ ಇದ್ದಾರೆ. ಅದು ತೂತು ಮುಚ್ಚುವ ಜೊತೆಗೆ ಹೀಟರ್‌ನ ಸಣ್ಣ ಕೊಳವೆಗಳನ್ನೂ ಕಟ್ಟಿಸಬಹುದು. ನನಗೆ ಬೇಡ.

ಶನಿವಾರ

ಕೈಪಂಪಿನ ಪ್ರೆಶರ್ ಟೆಸ್ಟರ್ ಎರವಲು ತಂದೆ. ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ, ರೇಡಿಯೇಟರ್ ಮುಚ್ಚಳ ತೆಗೆದು ಜೋಡಿಸಿದೆ. (ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬೇಡಿ.) ಮುಚ್ಚಳದ ಮೇಲೆ 0.9 (ಸುಮಾರು 0.9 ಬಾರ್) ಅಂತ ಇದೆ, ಅಷ್ಟೇ ಒತ್ತಡ ಕೊಟ್ಟೆ. ಟೆಸ್ಟರ್ ಮುಳ್ಳು ಮೆಲ್ಲಗೆ ಇಳಿಯಿತು, ಅಂದರೆ ಎಲ್ಲೋ ಸೋರುತ್ತಿದೆ. ಕೂಲೆಂಟ್ ಹರಿವು ನಿಯಂತ್ರಿಸುವ ಕವಾಟದ ಕವಚವಾದ ಥರ್ಮೋಸ್ಟಾಟ್ ಹೌಸಿಂಗ್‌ಗೆ ಹೋಸ್ ಕೂರುವ ಜಾಗದಲ್ಲಿ ಒಂದು ಹನಿ ಮೂಡಿ, ಹೌಸಿಂಗ್ ಗುಂಟ ಜಾರಿ ಗೇರ್‌ಬಾಕ್ಸ್ ಮೇಲೆ ಬಿತ್ತು.

ಸಂಜೆ ಒಂದು ಸುತ್ತು ಓಡಿಸಿ ಬಂದು ನೋಡಿದರೆ ಅದೇ ಜಾಗ ಒಣಗಿದೆ! ಕಾರಣ ಹೋಸನ್ನು ಬಿಗಿಹಿಡಿಯುವ ಕ್ಲಿಪ್. ಯಾರೋ ಹಿಂದೆ ಸ್ಪ್ರಿಂಗ್ ಕ್ಲಿಪ್ ತೆಗೆದು ಸ್ಕ್ರೂ ಕ್ಲಿಪ್ ಹಾಕಿದ್ದಾರೆ. ಚಳಿಗೆ ರಬ್ಬರ್ ಕುಗ್ಗಿದಾಗ ಸ್ಪ್ರಿಂಗ್ ತಾನೂ ಬಿಗಿಯಾಗುತ್ತದೆ, ಸ್ಕ್ರೂ ಇದ್ದಲ್ಲೇ ಇರುತ್ತದೆ. ಬಿಸಿಯಾದರೆ ರಬ್ಬರ್ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಗ್ಯಾರೇಜಿಗೆ ಬಿಸಿ ಗಾಡಿ ಒಯ್ದಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ಭಾನುವಾರ

ಕೂಲೆಂಟ್ ಇಳಿಸಿ ಹೋಸ್ ಬಿಚ್ಚಿದೆ. ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರೆ ಅಲ್ಯೂಮಿನಿಯಂಗೆ ಗೀರು ಬೀಳುತ್ತದೆ, ಅದಕ್ಕೆ ಕೈಯಲ್ಲೇ ತಿರುಚಿ ಸಡಿಲ ಮಾಡಿದೆ. ಒಳಗೆ ಬಿಳಿ ತುಕ್ಕು. 400ರ ಎಮೆರಿ ಪೇಪರ್‌ನಿಂದ ಸುತ್ತಲೂ ಉಜ್ಜಿದೆ. ಉದ್ದಕ್ಕೆ ಉಜ್ಜಿದರೆ ಆ ಗೀರೇ ನೀರಿಗೆ ಕಾಲುವೆ. ಹಳೆ ಹೋಸ್ ತುದಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೊಸ ಹೋಸ್, ಸರಿ ಅಳತೆಯ ಸ್ಪ್ರಿಂಗ್ ಕ್ಲಿಪ್ ಹಾಕಿದೆ. ಕ್ಲಿಪ್ ಕೂರಬೇಕಾದದ್ದು ಅಂಚಿನ ಉಬ್ಬಿನ ಮೇಲಲ್ಲ, ಅದರ ಹಿಂದೆ.

ತುಂಬಿಸಿದ್ದು ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಹಾಸನದಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ ಕೂಲೆಂಟ್ ಬೇಕಾದದ್ದು ತುಕ್ಕು ತಡೆಯಲು, ಕುದಿಯುವ ಬಿಂದು ಏರಿಸಲು. ಬೋರ್‌ವೆಲ್ ನೀರು ಹಾಕಿದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ, ಮ್ಯಾನುಯಲ್‌ನಲ್ಲಿರುವ ಮಾದರಿ ನೋಡಿ. ಆಮೇಲೆ ಮುಚ್ಚಳ ತೆಗೆದೇ ಇಟ್ಟು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಫ್ಯಾನ್ ಓಡುವವರೆಗೆ ಇಂಜಿನ್ ಓಡಿಸಿ ಒಳಗೆ ಸಿಕ್ಕಿಕೊಂಡ ಗಾಳಿ ಹೊರಹೋಗಲು ಬಿಟ್ಟೆ.

ಇಳಿಸಿದ ಕೂಲೆಂಟ್ ಬಿಗಿ ಮುಚ್ಚಳದ ಕ್ಯಾನಿನಲ್ಲಿದೆ. ಸಿಹಿ ಇರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ. ಅದು ವಿಷ.

ಮುಂದಿನ ವಾರ

ರಟ್ಟು ಒಣಗಿದೆ. ಮಟ್ಟ ಮೊದಲ ಸಲ ಸ್ವಲ್ಪ ಇಳಿಯಿತು, ಒಳಗಿದ್ದ ಗಾಳಿ ಹೊರಬಿದ್ದದ್ದು. ತುಂಬಿಸಿದ ಮೇಲೆ ಗೆರೆ ಬಿಟ್ಟು ಕದಲಿಲ್ಲ. ಕೆಳಗಿನ ಹೋಸ್‌ಗೂ ಅದೇ ಸ್ಕ್ರೂ ಕ್ಲಿಪ್ ಇದೆ. ಸ್ಪ್ರಿಂಗ್ ಕ್ಲಿಪ್‌ಗೆ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ.